ಕೋಟೆ ನುಂಗಿದ ಗುಂಡಿ ಮತ್ತು ನಮ್ಮವರು

ಪಾಳುಬಿದ್ದ ಊರು ತೋರಿಸಲು ಜನರನ್ನು ಕರೆದುಕೊಂಡು ಹೋಗುವ ಕೆಲಸದಲ್ಲಿ ಒಂದು ಅನುಕೂಲ ಉಂಟು. ಊರು ಎಷ್ಟೇ ಹಳೆಯದಿರಲಿ, ಬರುವ ಜನ ಪ್ರತಿ ವಾರ ಹೊಸಬರು. ಹಾಗಾಗಿ ನಗುವುದಕ್ಕೆ ಬರಗಾಲವೆಂಬುದಿಲ್ಲ. ಬಾಯಿ ಮುಚ್ಚಿಕೊಂಡು ನಗಬೇಕು, ಅಷ್ಟೇ ಕಷ್ಟ.

ನಾನಿರುವುದು ಒಮಾನಿನ ದಕ್ಷಿಣ ತುದಿಯ ಸಲಾಲಾದಲ್ಲಿ, ಮೂಲ್ಕಿ ಕಡೆಯವರೊಬ್ಬರು ನಡೆಸುವ ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ. ಇದಕ್ಕೆ ಮೊದಲು ನೈರೋಬಿ ಆಗಿದೆ, ಕುವೈತ್ ಆಗಿದೆ, ಬಹರೈನ್ ಆಗಿದೆ, ಮಸ್ಕತ್ತಿನ ಮತ್ರಾದ ಗಲ್ಲಿಯೊಂದರಲ್ಲಿ ಒಂದಷ್ಟು ಕಾಲ ಬಟ್ಟೆ ವ್ಯಾಪಾರಿಯೊಬ್ಬರ ಬಳಿ ಕೆಲಸವೂ ಆಗಿದೆ. ಯಾವ ಊರಿನಲ್ಲೂ ನನ್ನ ಕಿಟಕಿಯ ಪರದೆಗಳು ಎರಡನೇ ಸಲ ಒಗೆಸಿಕೊಂಡದ್ದಿಲ್ಲ. ಅಷ್ಟರಲ್ಲಿ ನಾನು ಪೆಟ್ಟಿಗೆ ಕಟ್ಟಿರುತ್ತೇನೆ. ಸಲಾಲಾದಲ್ಲಿ ಮಾತ್ರ ಕಾಲು ನಿಂತಿದೆ. ಅದಕ್ಕೆ ಕಾರಣ ಶಿಸರ್.

ಸಲಾಲಾದ ಹಿಂದಿನ ಗುಡ್ಡ ಹತ್ತಿ ಇಳಿದರೆ ಮಳೆಗಾಲದ ಮಂಜು ಹಠಾತ್ತನೆ ಮುಗಿದು ಮರುಭೂಮಿ ಶುರುವಾಗುತ್ತದೆ. ಬಸ್ಸಿನಲ್ಲಿ ಎರಡೂವರೆ ಮೂರು ಗಂಟೆ ಹೋದರೆ ಒಂದಷ್ಟು ಖರ್ಜೂರದ ಮರ, ಒಂದು ಮಸೀದಿ, ನಾಲ್ಕಾರು ಮನೆ, ಒಂದು ಬೇಲಿ. ಅದೇ ಶಿಸರ್. ಬೇಲಿಯೊಳಗೆ ಬಹಳ ಹಳೆಯ ಊರೊಂದರ ಮತ್ತು ಅದರ ಕೋಟೆಯ ಉಳಿಕೆ. ಲುಬಾನ್ ಎನ್ನುವ ಧೂಪದ ಅಂಟನ್ನು ಹೊತ್ತ ಒಂಟೆಸಾಲುಗಳು ದೊಡ್ಡ ಮರಳುಗಾಡಿಗೆ ಕಾಲಿಡುವ ಮೊದಲು ಇಲ್ಲಿ ನೀರು ತುಂಬಿಸಿಕೊಳ್ಳುತ್ತಿದ್ದವು. ನೀರಿದ್ದಲ್ಲಿ ವ್ಯಾಪಾರ, ವ್ಯಾಪಾರ ಇದ್ದಲ್ಲಿ ಕೋಟೆ. ಆ ಕೋಟೆಯನ್ನು ಕಟ್ಟಿದ್ದು ನೀರಿದ್ದ ಗುಹೆಯ ನೆತ್ತಿಯ ಮೇಲೆ. ಸೇದಿ ಸೇದಿ ನೀರು ಕೆಳಗಿಳಿಯಿತು, ಗುಹೆಯ ಮಾಡು ಕುಸಿಯಿತು, ಕೋಟೆಯ ಒಂದು ಪಾಲು ಗುಂಡಿಯೊಳಗೆ ಹೋಯಿತು. ಸೊಕ್ಕಿದ ಜನರಿದ್ದ ಸ್ತಂಭಗಳ ನಗರವೊಂದು ಮರಳಿನಲ್ಲಿ ಮುಳುಗಿತೆಂದು ಇಲ್ಲಿನವರಲ್ಲಿ ಕಥೆಯುಂಟು. ಅದು ಇದೇ ಎಂದು ಕೆಲವು ಪಂಡಿತರು, ಅಲ್ಲ ಎಂದು ಕೆಲವರು, ಇನ್ನೂ ಜಗಳವಾಡುತ್ತಿದ್ದಾರೆ.

ತನ್ನನ್ನು ಸಾಕಿದ ನೀರಿನ ತಲೆಯ ಮೇಲೆ ಕೂತು, ಅದನ್ನೇ ಕುಡಿದು ಮುಗಿಸಿ, ಕೊನೆಗೆ ಅದರ ಹೊಟ್ಟೆಗೇ ಬಿದ್ದ ಊರು. ಇಷ್ಟು ನೇರವಾಗಿ ಬುದ್ಧಿ ಹೇಳುವ ಜಾಗವನ್ನು ನಾನು ಬೇರೆಲ್ಲೂ ನೋಡಿಲ್ಲ. ನಮ್ಮವರ ಕಣ್ಣಿಗೆ ಅದೊಂದು ಗುಂಡಿ.

ವಾರಕ್ಕೊಮ್ಮೆ ಅಲ್ಲಿಗೆ ನಮ್ಮ ಬಸ್ಸು ಹೋಗುತ್ತದೆ. ಗೈಡ್ ಲೈಸನ್ಸ್ ಇರುವುದು ನಮ್ಮ ಒಮಾನಿ ಡ್ರೈವರನಿಗೆ. ಕನ್ನಡದಲ್ಲಿ ಬಾಯಿ ಇರುವುದು ನನಗೆ. ಅವನು ಒಂದು ವಾಕ್ಯ ಹೇಳಿದರೆ ನಾನು ಹತ್ತು ಮಾಡುತ್ತೇನೆ. ಜನ ಅದರಲ್ಲಿ ಅರ್ಧವನ್ನೂ ಕೇಳುವುದಿಲ್ಲ.

ಒರಗಿ ನಿಂತವರು

ಮಸ್ಕತ್ತಿನ ಅಲ್ ಮವಾಲೇಹ್ ಕಡೆಯಿಂದ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಇಂಗ್ಲಿಷಿನಲ್ಲಿ ಮಾತ್ರ ಹಸಿವಾಗುವ ಇಬ್ಬರು ಮಕ್ಕಳು. ಗಂಡ ಬರುವ ಮೊದಲು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿಕೊಂಡಿದ್ದರು. ಅದರಲ್ಲಿ ಕಂಪ್ಯೂಟರಿನಲ್ಲಿ ಎಬ್ಬಿಸಿದ ಚಿನ್ನದ ಕಂಬಗಳು, ಕಾರಂಜಿ, ಮೆಟ್ಟಿಲ ಮೇಲೆ ಸಿಂಹ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಎಲ್ಲರಿಗೂ ವರ್ಣಿಸಿದರು. ನಾನು ಬಾಯಿ ತೆರೆಯಬೇಕಾದ ಪ್ರಮೇಯವೇ ಬರಲಿಲ್ಲ.

ಶಿಸರ್ ಬಂತು. ಇಳಿದರು. ಸುತ್ತ ನೋಡಿದರು. ಬಿಸಿಲಿಗೆ ಸೋತು, ಅಲ್ಲೇ ಇದ್ದ ಗಿಡ್ಡ ಗೋಡೆಯ ಮೇಲೆ ಚಹಾದ ಫ್ಲಾಸ್ಕ್ ಇಟ್ಟು, ಅದಕ್ಕೇ ಒರಗಿ ಬೆವರೊರೆಸಿಕೊಂಡರು.

“ಮೇಡಂ, ಕೋಟೆಗೆ ಇಲ್ಲಿಂದ ಇನ್ನು ಎಷ್ಟು ದೂರ ಉಂಟು?”

“ನೀವು ಒರಗಿ ನಿಂತದ್ದೇ ಕೋಟೆ.”

ಬೇರೆಯವರ ಹೊಸ ಕಾರಿಗೆ ಒರಗಿ ಸಿಕ್ಕಿಬಿದ್ದವರ ಹಾಗೆ ಪಕ್ಕಕ್ಕೆ ಸರಿದರು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ, ಗೋಡೆ ಇದ್ದದ್ದೇ ಸೊಂಟದೆತ್ತರ. ಆಮೇಲೆ ಬಂತು ಆ ಮಾತು: “ಇಷ್ಟೆಯಾ?”

ಇದನ್ನು ನಾನು ಕನ್ನಡ, ತುಳು, ಕೊಂಕಣಿ, ಬ್ಯಾರಿ ನಾಲ್ಕರಲ್ಲೂ ಕೇಳಿದ್ದೇನೆ. ತುಳುವಿನಲ್ಲಿ ಕೇಳಿದರೆ ಹೆಚ್ಚು ನಾಟುತ್ತದೆ, ಮನೆಯವರೇ ಬೈದ ಹಾಗೆ.

ನಾನು ಕೋಟೆ ಬಿದ್ದ ಕಥೆ ಶುರುಮಾಡಿದೆ. ಅವರು ಮಧ್ಯದಲ್ಲೇ ತಡೆದು, ಊರಿನಲ್ಲಿ ತಮ್ಮ ಮನೆಯ ಕಾಂಪೌಂಡ್ ಗೋಡೆ ಇದಕ್ಕಿಂತ ಎತ್ತರ ಉಂಟೆಂದರು.

“ಇರಬಹುದು,” ಎಂದೆ. “ಆದರೆ ಅದನ್ನು ನೋಡಲು ಯಾರೂ ಬಸ್ಸು ಹತ್ತಿ ಬರುವುದಿಲ್ಲ.”

ಅವರ ಹೆಂಡತಿ ಆ ಇಡೀ ದಿನದಲ್ಲಿ ನಕ್ಕದ್ದು ಅದೊಂದೇ ಸಲ. ಅದಕ್ಕೇ ಗಂಡ ನಮ್ಮ ಧಣಿಗೆ ಫೋನ್ ಮಾಡಿ ದೂರಿದ್ದು.

ಮಂಜು ಮಾರುವವರು

ನಮ್ಮ ಧಣಿ ನನ್ನನ್ನು ಕರೆಯುವುದರಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಕೆಲಸ ಆಗಬೇಕಿದ್ದರೆ ಅಕ್ಕ, ಬೈಯಬೇಕಿದ್ದರೆ ಮೇಡಂ. ಮರುದಿನ ಆಫೀಸಿಗೆ ಕಾಲಿಡುವಾಗಲೇ ಮೇಡಂ ಆಗಿದ್ದೆ.

ಶಿಸರ್‌ನಿಂದ ಬಂದವರು ಯಾರೂ ಖುಷಿಯಲ್ಲಿ ಇಳಿಯುವುದಿಲ್ಲ, ಬಸ್ಸು ಅರ್ಧ ಖಾಲಿ ಹೋಗುತ್ತದೆ, ಅದರ ಬದಲು ಮಂಜಿನ ಗುಡ್ಡಕ್ಕೇ ಎರಡು ಟ್ರಿಪ್ ಹೊಡೆಯಬಹುದು ಎಂದರು. ಗುಡ್ಡಕ್ಕೆ ಮಂಜು ಕವಿಯುವುದು ಖರೀಫಿನಲ್ಲಿ, ಅಂದರೆ ಇಲ್ಲಿನ ಮಳೆಗಾಲದಲ್ಲಿ. ಮಳೆ ಎಂದ ಕೂಡಲೇ ನಮ್ಮ ಮಳೆಯನ್ನು ನೆನೆಯಬೇಡಿ. ಕನ್ನಡಕ ಒಂದು ಸಲ ಒರೆಸಿಕೊಳ್ಳುವಷ್ಟು ಹನಿ. ಆದರೂ ಅದನ್ನು ನೋಡಲು ಮಸ್ಕತ್ತಿನಿಂದ, ದುಬೈಯಿಂದ ನಮ್ಮ ಕರಾವಳಿಯವರೇ ದಂಡುಕಟ್ಟಿ ಬರುತ್ತಾರೆ. ಉಡುಪಿಯಲ್ಲಿ ಇದೇ ಜುಲೈಯಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲವೆಂದು ಆಕಾಶಕ್ಕೆ ಬೈದು ಬೆಳೆದವರು, ಇಲ್ಲಿ ಎರಡು ಹನಿ ಬಿದ್ದರೆ ಎರಡು ಕೈ ಚಾಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ರಸ್ತೆಬದಿಯಲ್ಲಿ ಎಳನೀರು ಕುಡಿದು “ನಮ್ಮ ಊರಿನದ್ದರ ಹಾಗೆಯೇ ಉಂಟು” ಎನ್ನುತ್ತಾರೆ. ನಮ್ಮ ಊರಿನದ್ದರ ಹಾಗೆಯೇ ಇದ್ದರೆ ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳುವಂತಿಲ್ಲ. ಗಿರಾಕಿಗಳು.

ಧಣಿಯ ತೀರ್ಪು ಹೀಗಿತ್ತು. ಸೀಸನ್ನಿನ ಕೊನೆಯ ಬಸ್ಸಿನಲ್ಲಿ ತಾವೇ ಬರುತ್ತಾರೆ. ಜನ ಖುಷಿಯಾಗಿದ್ದರೆ ಶಿಸರ್ ಮುಂದುವರಿಯಲಿ. ಇಲ್ಲದಿದ್ದರೆ ಖಲಾಸ್. “ನೀವು ಆಫೀಸಿನಲ್ಲೇ ಕೂತು ಟಿಕೆಟ್ ಬುಕಿಂಗ್ ನೋಡಿ ಮೇಡಂ. ತಿರುಗುವ ಕುರ್ಚಿ ತರಿಸಿಕೊಡ್ತೇನೆ.”

ಕುರ್ಚಿ ತಿರುಗಿದರೆ ನಾನು ತಿರುಗಿದ ಹಾಗಾಗುತ್ತದೆಂದು ಅವರ ಲೆಕ್ಕ. ಎಸಿಯ ಕೆಳಗೆ ಕೂತು ಬೇರೆಯವರನ್ನು ಊರೂರಿಗೆ ಕಳಿಸುವ ಕೆಲಸ ನನಗೆ ಬಂದರೆ ಮರುವಾರವೇ ನನ್ನ ಪೆಟ್ಟಿಗೆ ಮಂಚದ ಅಡಿಯಿಂದ ಹೊರಗೆ ಬರುತ್ತದೆ. ಈ ವಯಸ್ಸಿನಲ್ಲಿ ಇನ್ನೊಂದು ದೇಶ ಹುಡುಕುವ ಮನಸ್ಸು ಇರಲಿಲ್ಲ. ವಾರಕ್ಕೊಂದು ಸಲ ಆ ಗುಂಡಿಯ ಅಂಚಿನಲ್ಲಿ ನಿಲ್ಲದೆ ಇರುವ ಮನಸ್ಸಂತೂ ಇರಲೇ ಇಲ್ಲ.

ನೀವು ಒಂದು ಸಲವೂ ನೋಡದೆ ಹೀಗೆ ಹೇಳಬಾರದು ಎಂದೆ. ಹೌದು, ಇಷ್ಟು ವರ್ಷ ಶಿಸರ್ ಟ್ರಿಪ್ ಮಾರಿದ ಮನುಷ್ಯ ಶಿಸರ್ ಕಂಡವರಲ್ಲ.

“ಗುಂಡಿ ನೋಡ್ಲಿಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಮಾರಾಯ್ರೆ,” ಎಂದರು. “ನಮ್ಮ ಊರಿನ ಹೈವೇಯಲ್ಲಿ ಬೇಕಾದಷ್ಟು ಉಂಟಲ್ಲ.”

ಬಾಲಯೇಸುವಿನ ಉಡುಗೊರೆ

ಆ ದಿನದಿಂದ ನಾನು ಪ್ರತಿ ಬಸ್ಸನ್ನೂ ಪರೀಕ್ಷೆಗೆ ಕೂತವಳ ಹಾಗೆ ಏರತೊಡಗಿದೆ. ಒಬ್ಬರಾದರೂ ಆ ಜಾಗವನ್ನು ಮೆಚ್ಚಿ ಧಣಿಗೆ ಒಂದು ಮಾತು ಹೇಳಲಿ ಎಂಬ ಆಸೆ.

ಮುಂದಿನ ವಾರ ಬಂದವರಲ್ಲಿ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ದಂಪತಿ ಇದ್ದರು. ಗಂಡ ಮಸ್ಕತ್ತಿನ ಯಾವುದೋ ಕಂಪೆನಿಯಲ್ಲಿ ಅಕೌಂಟ್ಸ್ ನೋಡುವವರು, ಬಾಯಿ ಬಿಡುವುದೇ ಅಪರೂಪ. ಹೆಂಡತಿಗೆ ಆ ತೊಂದರೆ ಇರಲಿಲ್ಲ. ಅವರು ಲುಬಾನಿನ ಕಥೆ ಕೇಳುತ್ತಾ ಕೇಳುತ್ತಾ ಮುಂದೆ ಮುಂದೆ ಬಂದು ನನ್ನ ಎದುರಿಗೇ ನಿಂತರು. ಕಣ್ಣು ಅರಳಿತ್ತು. ನನಗೂ ಜೀವ ಬಂತು. ಇಲ್ಲಿಂದ ಹೊರಟ ಧೂಪ ಮರಳುಗಾಡು ದಾಟಿ ದೂರದೂರದ ದೇವಾಲಯಗಳನ್ನು ಮುಟ್ಟುತ್ತಿತ್ತು ಎಂದು ಇನ್ನಷ್ಟು ಬಣ್ಣ ಹಚ್ಚಿದೆ.

“ಹಾಗಾದರೆ ಬಾಲಯೇಸುವನ್ನು ನೋಡಲಿಕ್ಕೆ ಬಂದ ಆ ಮೂವರು ರಾಜರು ಧೂಪ ತಂದದ್ದು ಇಲ್ಲಿಂದಲೇ ಇರಬಹುದಾ?” ಎಂದು ಕೇಳಿದರು.

ಈ ದಾರಿಯಾಗಿಯೇ ಹೋಗಿರಬಹುದು, ಯಾರಿಗೆ ಗೊತ್ತು ಎಂದೆ.

ಅವರು ಗುಂಡಿಯನ್ನು ನೋಡಿದರು. ಆಚೆಗಿನ ಮರಳನ್ನು ನೋಡಿದರು. ಮುಖದಲ್ಲಿ ಎಂಥದೋ ಭಾವ ಮೂಡಿತು. ಅಂತೂ ಒಬ್ಬರ ಎದೆಗೆ ಈ ಜಾಗ ತಟ್ಟಿತಪ್ಪ ಎಂದುಕೊಳ್ಳುವಷ್ಟರಲ್ಲಿ ಗಂಡನ ಕಡೆಗೆ ತಿರುಗಿದರು.

“ನೋಡಿದಿರಾ? ಗುರುತು ಪರಿಚಯ ಇಲ್ಲದ ಮಗುವನ್ನು ನೋಡಲಿಕ್ಕೆ ಅವರು ಇಷ್ಟು ದೂರದಿಂದ ಧೂಪ ತಂದರು. ನೀವು ನನ್ನ ತಂಗಿಯ ಮಗುವಿಗೆ ತಂದದ್ದು ಒಂದು ಡಬ್ಬ ಪೌಡರ್. ಅದೂ ಒಂದಕ್ಕೆ ಒಂದು ಫ್ರೀ ಇದ್ದದ್ದು. ಫ್ರೀ ಬಂದದ್ದನ್ನು ನಿಮ್ಮ ಅಕ್ಕನ ಮಗುವಿಗೆ ಕೊಟ್ಟಿರಿ.”

ವಾಪಸು ಬರುವಾಗ ಮೂರು ಗಂಟೆ ಆ ಪೌಡರಿನದ್ದೇ ಪ್ರವಚನ. ಬಸ್ಸಿನಿಂದ ಇಳಿಯುವಾಗ ಗಂಡ ಆ ದಿನ ಮೊದಲ ಸಲ ಬಾಯಿ ಬಿಟ್ಟರು: “ಮೇಡಂ, ಮಂಜಿನ ಟ್ರಿಪ್‌ನಲ್ಲಿ ಬೈಬಲ್ ಕಥೆ ಬರುವುದಿಲ್ಲ ಅಲ್ವಾ? ಹಾಗಾದರೆ ನಾಳೆಗೆ ನಮ್ಮ ಹೆಸರು ಅದಕ್ಕೆ ಹಾಕಿ.”

ಕಾಂಟ್ರಾಕ್ಟರ್ ಯಾರು

ಒಮಾನಿನ ಇಬ್ರಿ ಪಟ್ಟಣದಲ್ಲಿ ಕಟ್ಟಡ ಕಟ್ಟಿಸುವ ಇಂಜಿನಿಯರೊಬ್ಬರು ಒಮ್ಮೆ ಬಂದರು. ಓದಿದವರು, ಕಲ್ಲಿನ ಬೆಲೆ ಬಲ್ಲವರು, ಇವರು ಖಂಡಿತ ಮೆಚ್ಚುತ್ತಾರೆ ಎಂದು ನಾನು ಮೊದಲ ಸೀಟಿನಲ್ಲಿ ಕೂರಿಸಿದ್ದೆ.

ಅವರಿಗೆ ಶಿಸರ್ ನೋಡಿ ಸಿಟ್ಟು ಬಂತು. ಬೇಸರವಲ್ಲ, ಸಿಟ್ಟು. ಗೋಡೆಯನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿದರು. ಬಗ್ಗಿ ಒಂದು ಕಣ್ಣು ಮುಚ್ಚಿ ಸಾಲು ನೇರ ಉಂಟೋ ಎಂದು ನೋಡಿದರು. ಪ್ಲಾಸ್ಟರ್ ಮಾಡದೆ ಹೀಗೆ ಬಿಡುವುದುಂಟಾ ಎಂದರು. ತನ್ನ ಕೈಗೆ ಕೊಟ್ಟರೆ ಈ ಗುಂಡಿಗೆ ಮಣ್ಣು ತುಂಬಿಸಿ, ಮೇಲೆ ಇಂಟರ್‌ಲಾಕ್ ಹಾಸಿ, ಇಲ್ಲೇ ಪಾರ್ಕಿಂಗ್, ಅಲ್ಲೇ ಫುಡ್ ಕೋರ್ಟ್ ಎಂದು ಕೈ ಬೀಸಿ ತೋರಿಸಿದರು. ಅವರ ಕೈ ಬೀಸಿದ ಕಡೆಯೆಲ್ಲ ಜನ ನೋಡಿದರು. ನಾನು ಕೈ ತೋರಿಸಿದ ಕಡೆ ಅಷ್ಟು ಶ್ರದ್ಧೆಯಿಂದ ಯಾರೂ ನೋಡಿದ್ದಿಲ್ಲ.

ಗುಂಡಿಗೆ ಮಣ್ಣು ತುಂಬಿಸಿದರೆ ನೋಡಲು ಏನು ಉಳಿಯುತ್ತದೆ ಎಂದು ಕೇಳಿದೆ.

“ಫುಡ್ ಕೋರ್ಟ್,” ಎಂದರು.

ಆಮೇಲೆ ಗುಂಡಿಯ ಅಂಚಿಗೆ ಹೋಗಿ, ಸೊಂಟಕ್ಕೆ ಕೈಕೊಟ್ಟು, ಕೆಳಗೆ ಬಿದ್ದ ಬಂಡೆಗಳನ್ನು ಬಹಳ ಹೊತ್ತು ನೋಡಿ, ಮಣ್ಣು ಪರೀಕ್ಷೆ ಕೂಡ ಮಾಡಿಸದೆ ಈ ಕೆಲಸ ಹಿಡಿದ ಕಾಂಟ್ರಾಕ್ಟರ್ ಯಾರು ಎಂದು ಕೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಯಾರೆಂದು ಗೊತ್ತಿಲ್ಲ, ಪ್ರಾಯಶಃ ಕೋಟೆಯ ಜೊತೆಗೆ ಅವನೂ ಕೆಳಗೆ ಹೋಗಿರಬೇಕು ಎಂದೆ.

“ಹೋಗಿರುವುದಿಲ್ಲ ಮೇಡಂ,” ಎಂದರು, ಮೂವತ್ತು ವರ್ಷದ ಅನುಭವದ ದನಿಯಲ್ಲಿ. “ಫೈನಲ್ ಬಿಲ್ ಪಾಸಾದ ಮೇಲೆ ಒಬ್ಬ ಕಾಂಟ್ರಾಕ್ಟರನೂ ಸೈಟಿನ ಕಡೆಗೆ ತಲೆ ಹಾಕುವುದಿಲ್ಲ.”

ರುಮಾಲಿನ ಮೇಲೆ ಪೇಟ

ಕೊನೆಯ ಬಸ್ಸಿಗೆ ಮೊದಲು ನನಗಿದ್ದ ದೊಡ್ಡ ಆಸೆ ಒಂದು ಕನ್ನಡ ಸಂಘ. ಮಸ್ಕತ್ತಿನಿಂದ ಬಂದವರು, ಇಡೀ ಬಸ್ಸು ಅವರದೇ. ಸಂಸ್ಕೃತಿ, ಪರಂಪರೆ ಎಂಬ ಮಾತುಗಳು ಅವರ ಬಾಯಲ್ಲಿ ಉಸಿರಿನ ಹಾಗೆ ಬರುತ್ತಿದ್ದವು. ಇವರಿಗೆ ಹಿಡಿಸದಿದ್ದರೆ ಇನ್ನಾರಿಗೆ ಹಿಡಿಸೀತು?

ಒಂದು ಸಂಗತಿ ನನಗೆ ಮರೆತುಹೋಗಿತ್ತು. ಪರದೇಶದ ಕನ್ನಡ ಸಂಘ ಎಲ್ಲಿ ಹತ್ತು ನಿಮಿಷ ನಿಂತರೂ ಅಲ್ಲೊಂದು ಬ್ಯಾನರು ಏಳಬೇಕು, ಬ್ಯಾನರು ಎದ್ದಲ್ಲಿ ಒಂದು ಸನ್ಮಾನ ಆಗಬೇಕು. ಸಮುದ್ರದ ಮಧ್ಯೆ ದೋಣಿ ನಿಂತರೂ ಅಷ್ಟೇ.

ಇಳಿದ ಕೂಡಲೇ ಬ್ಯಾನರಿನ ಸುರುಳಿ ಬಿಚ್ಚಿದರು. ಒಂದು ತುದಿಯನ್ನು ಬೇಲಿಗೆ ಬಿಗಿದರು. ಇನ್ನೊಂದು ತುದಿಯನ್ನು ಕೋಟೆಯ ಮುರಿದ ಬುರುಜಿನ ಕಲ್ಲಿಗೆ ಕಟ್ಟಲು ಹೊರಟಾಗ ಕಾವಲುಗಾರ ಎದ್ದು ಬಂದ. ಶಿಸರ್‌ನವನೇ ಆದ ಮುದುಕ, ತಲೆಗೆ ರುಮಾಲು, ಕೈಯಲ್ಲಿ ಒಂಟೆಕೋಲು. ಆ ಕಲ್ಲಿಗೆ ಹಗ್ಗ ಕಟ್ಟಕೂಡದು ಎಂದು ಅರಬ್ಬಿಯಲ್ಲಿ ಹೇಳಿದ. ಡ್ರೈವರ್ ಹಿಂದಿಯಲ್ಲಿ ಹೇಳಿದ. ನಾನು ಕನ್ನಡದಲ್ಲಿ ಹೇಳಿದೆ. ಮೂರು ಭಾಷೆಯಲ್ಲಿ ಹೇಳಿದ್ದಕ್ಕೆ ಅಧ್ಯಕ್ಷರು ಮೂರು ಸಲ ನಕ್ಕರು. ಆಮೇಲೆ ಕಾರ್ಯದರ್ಶಿಯನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದರು.

ಅಧ್ಯಕ್ಷರಿಗೆಂದೇ ತಂದಿದ್ದ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಹೊರಗೆ ಬಂದವು. ಮುದುಕನನ್ನು ನಡುವೆ ನಿಲ್ಲಿಸಿದರು. ಶಾಲು ಹೊದೆಸಿದರು. ರುಮಾಲಿನ ಮೇಲೆಯೇ ಪೇಟ ಇಟ್ಟರು. ಕಾರ್ಯದರ್ಶಿ ಅವನ ನಿಸ್ವಾರ್ಥ ಸೇವೆಯ ಬಗ್ಗೆ ಮಾತನಾಡಿದರು, ಅವನನ್ನು ಕಂಡು ಕಾಲು ಗಂಟೆಯೂ ಆಗಿರಲಿಲ್ಲ. ಚಪ್ಪಾಳೆ ಬಿತ್ತು. ಮುದುಕ ಬುಟ್ಟಿಯನ್ನು ನೋಡಿದ, ಚಪ್ಪಾಳೆ ತಟ್ಟುವವರನ್ನು ನೋಡಿದ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಆಮೇಲೆ ತಾನಾಗಿಯೇ ಹೋಗಿ ಬ್ಯಾನರಿನ ಆ ಇನ್ನೊಂದು ತುದಿಯನ್ನು ಎತ್ತಿ ಹಿಡಿದುಕೊಂಡು, ಭಾಷಣಗಳು ಮುಗಿಯುವವರೆಗೂ ಅಲುಗಾಡದೆ ನಿಂತ.

ಗುಂಡಿಯ ಕಡೆಗೆ ಒಬ್ಬರೂ ಹೋಗಲಿಲ್ಲ. ಬ್ಯಾನರು ಅದಕ್ಕೆ ಅಡ್ಡ ಇತ್ತು.

ಜನ ಖುಷಿಯಾಗಿದ್ದರು ಎಂದು ಧಣಿಗೆ ಹೇಳಿದೆ. ಖುಷಿಯಾದದ್ದು ಸನ್ಮಾನಕ್ಕೆ, ಅದನ್ನು ಸಲಾಲಾದ ಯಾವುದಾದರೂ ಸಭಾಂಗಣದಲ್ಲೂ ಮಾಡಬಹುದು ಎಂದರು. ಅದರಲ್ಲಿ ಸುಳ್ಳೇನಿರಲಿಲ್ಲ. ನಿಜವಾಗಿ ಖುಷಿಯಾದವನು ಮುದುಕ ಒಬ್ಬನೇ. ಆಮೇಲಿನ ಪ್ರತಿ ವಾರ ನಮ್ಮ ಬಸ್ಸಿನ ಧೂಳು ಕಂಡ ಕೂಡಲೇ ಪೇಟ ಇಟ್ಟುಕೊಂಡು, ಶಾಲು ಹೊದ್ದು ಗೇಟಿನಲ್ಲಿ ನಿಲ್ಲುತ್ತಿದ್ದ. ಬುಟ್ಟಿ ತರದವರನ್ನು ಒಳಗೆ ಬಿಡುವಾಗ ಅವನ ಮುಖ ಸ್ವಲ್ಪ ಬಾಡುತ್ತಿತ್ತು.

ದಕ್ಷಿಣಾಯನ

ಕೊನೆಯ ಬಸ್ಸಿನ ದಿನ ಬಂತು. ಧಣಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು, ಅಪರಕ್ರಿಯೆಗೆ ಹೋಗುವವರ ಹಾಗೆ. ಜೊತೆಗೆ ಅವರ ಭಾವ.

ಈ ಭಾವ ಊರಿನಿಂದ ವಿಸಿಟ್ ವೀಸಾದಲ್ಲಿ ಬಂದವರು. ಮೊದಲು ಟೈಲ್ಸ್ ಅಂಗಡಿ ಇಟ್ಟಿದ್ದರು, ಈಗ ವಾಸ್ತು ಹೇಳುತ್ತಾರೆ. ಅಂದರೆ ಆಗ ತಾವು ಮಾರಿದ ಟೈಲ್ಸನ್ನೇ ಈಗ ಮನೆಮನೆಗೆ ಹೋಗಿ ಒಡೆಸುತ್ತಾರೆ. ಬಂದ ಮೊದಲ ದಿನವೇ ನಮ್ಮ ಆಫೀಸಿನ ವಾಟರ್ ಕೂಲರನ್ನು ಎತ್ತಿಸಿ ಬಾಗಿಲಿಗೆ ಅಡ್ಡ ಇಡಿಸಿದ್ದರು. ಧನಾಗಮನ ಆಗುತ್ತದಂತೆ. ಅಂದಿನಿಂದ ಗಿರಾಕಿಗಳು ಏಡಿಯ ಹಾಗೆ ಅಡ್ಡಡ್ಡ ನಡೆದು ಒಳಗೆ ಬರುತ್ತಾರೆ. ಭಾವನ ಕೈಯಲ್ಲಿ ಯಾವಾಗಲೂ ಒಂದು ಮೊಬೈಲು. ಅದಕ್ಕೆ ಅಯಸ್ಕಾಂತದ ಗುಂಡಿಯುಳ್ಳ, ಟಪ್ಪೆಂದು ಮುಚ್ಚಿಕೊಳ್ಳುವ ದಪ್ಪ ಚರ್ಮದ ಕವರು. ದಿಕ್ಕು ನೋಡುವ ದಿಕ್ಸೂಚಿ ಇರುವುದೂ ಆ ಮೊಬೈಲಿನಲ್ಲೇ. ಅಯಸ್ಕಾಂತದ ಪಕ್ಕದಲ್ಲಿ ದಿಕ್ಸೂಚಿಯ ಗತಿ ಏನಾಗುತ್ತದೆಂದು ಶಾಲೆಗೆ ಹೋದವರಿಗೆ ಹೇಳಬೇಕಾಗಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಶಿಸರ್ ಮುಟ್ಟಿದೆವು. ಗೇಟಿನಲ್ಲಿ ಪೇಟ, ಶಾಲು ಸಮೇತ ಮುದುಕ ನಿಂತಿದ್ದ. ಇವರು ಯಾರೆಂದು ಧಣಿ ಕೇಳಿದರು. ಸನ್ಮಾನಿತರು ಎಂದೆ.

ಜನ ಇಳಿದರು. “ಇಷ್ಟೆಯಾ” ಶುರುವಾಯಿತು. ನಾನು ಇದ್ದ ಬಲವನ್ನೆಲ್ಲ ಕೂಡಿಸಿ ಕಥೆ ಹೇಳಿದೆ. ಒಂಟೆಗಳನ್ನು ತಂದೆ, ಧೂಪ ಹೊಗೆಸಿದೆ, ಕೋಟೆ ಕಟ್ಟಿದೆ, ಕೆಡವಿದೆ. ಕೋಟೆ ಕುಸಿಯುವ ಘಳಿಗೆಯಲ್ಲಿ ಒಬ್ಬರು ಇಲ್ಲಿ ಚಹಾ ಎಲ್ಲಿ ಸಿಗುತ್ತದೆಂದು ಕೇಳಿದರು. ಅರ್ಧ ಜನ ಎಸಿಯ ಆಸೆಗೆ ಆಗಲೇ ಬಸ್ಸಿಗೆ ವಾಪಸಾಗಿದ್ದರು. ಧಣಿ ನನ್ನ ಕಡೆ ನೋಡಿದ ನೋಟದಲ್ಲಿ ತಿರುಗುವ ಕುರ್ಚಿ ಸ್ಪಷ್ಟವಾಗಿ ಕಂಡಿತು. “ಯಲ್ಲಾ,” ಎಂದು ಡ್ರೈವರನಿಗೆ ಕೈಸನ್ನೆ ಮಾಡಿದರು. “ಹೋಗುವ.”

“ನಿಲ್ಲಿ,” ಎಂದರು ಭಾವ.

ಅವರು ಆವರಣದ ನಡುವೆ ಮೊಬೈಲು ಹಿಡಿದು ನಿಂತಿದ್ದರು. ಒಂದು ಸುತ್ತು ತಿರುಗಿದರು. ಗುಂಡಿಯ ಕಡೆಗೆ ಮುಖ ಮಾಡಿ ಕಣ್ಣು ಮುಚ್ಚಿದರು. ತೆರೆದು ಹೇಳಿದರು: “ಈ ಗುಂಡಿ ಇರುವುದು ನೈಋತ್ಯದಲ್ಲಿ.”

ಬಸ್ಸಿನಲ್ಲಿ ಕೂತವರ ತಲೆಗಳು ಕಿಟಕಿಯಲ್ಲಿ ಕಾಣಿಸಿದವು.

ನೈಋತ್ಯ ಭಾರ ಇರಬೇಕಾದ ಮೂಲೆ, ಅಲ್ಲಿ ನೀರು ತೋಡಿದರೆ ಯಜಮಾನನಿಗೆ ಉಳಿಗಾಲ ಇಲ್ಲ, ಇವರು ತೋಡಿದರು, ಹೋದರು ಎಂದು ವಿವರಿಸಿದರು. ನೀರು ಮೊದಲೇ ಇತ್ತು, ಕೋಟೆ ಆಮೇಲೆ ಬಂದದ್ದು ಎಂದು ನಾನು ಬಾಯಿ ಹಾಕಿದೆ. ಅದನ್ನೇ ತಾನು ಹೇಳುತ್ತಿರುವುದು, ಕಟ್ಟುವ ಮೊದಲು ತೋರಿಸಿ ಕೇಳಬೇಕಿತ್ತು ಎಂದರು.

ಬಸ್ಸು ಖಾಲಿಯಾಯಿತು. ಎಲ್ಲರೂ ಗುಂಡಿಯ ಸುತ್ತ. ಒಬ್ಬರು ತಮ್ಮ ಊರಮನೆಯ ಬೋರ್‌ವೆಲ್ ಅದೇ ಮೂಲೆಯಲ್ಲಿದೆ, ಹೊಡೆಸಿದಂದಿನಿಂದ ತಮ್ಮನ ಜೊತೆ ಮಾತಿಲ್ಲ ಎಂದರು. ಇನ್ನೊಬ್ಬರು ಗುಂಡಿಯ ಫೋಟೊ ತೆಗೆದು, ಸಿಗ್ನಲ್ ಸಿಕ್ಕಿದ ಕೂಡಲೇ ಅತ್ತಿಗೆಗೆ ಕಳಿಸಬೇಕು, ಅವಳು ಸಂಪಿನ ವಿಷಯದಲ್ಲಿ ಯಾರ ಮಾತೂ ಕೇಳಲಿಲ್ಲ ಎಂದರು. ನಾನು ಒಂದು ಸೀಸನ್ ಪೂರ್ತಿ ಕೂಗಿದರೂ ಬಗ್ಗಿ ನೋಡದ ಗುಂಡಿಯನ್ನು ಈಗ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನೋಡುತ್ತಿದ್ದರು. ಒಂದು ನಗರ, ಒಂದು ವ್ಯಾಪಾರ, ಒಂದು ಕಾಲವೇ ಮುಳುಗಿಹೋದದ್ದು ಇವರಿಗೆ ಲೆಕ್ಕಕ್ಕಿಲ್ಲ. ಮೂಲೆ ತಪ್ಪಿದ್ದು ಮಾತ್ರ ಕರುಳಿಗೆ ತಾಗಿತು.

ಅಷ್ಟರಲ್ಲಿ ಹೊತ್ತು ಮುಳುಗತೊಡಗಿತು. ಮರಳಿನ ಅಂಚಿನಲ್ಲಿ ಕೆಂಪಗೆ, ಯಾರಿಗೂ ಅನುಮಾನ ಬರದ ಹಾಗೆ. ಭಾವನ ಪಕ್ಕದಲ್ಲಿ ನಿಂತು ಮೊಬೈಲು ಇಣುಕುತ್ತಿದ್ದ ಹೆಂಗಸೊಬ್ಬರು ಮೆಲ್ಲನೆ ಕೇಳಿದರು.

“ಸರ್, ಸೂರ್ಯ ಆಚೆ ಮುಳುಗ್ತಾ ಇದ್ದಾನೆ. ನಿಮ್ಮ ಮೊಬೈಲಿನಲ್ಲಿ ಆ ಕಡೆ ಪೂರ್ವ ಅಂತ ತೋರಿಸ್ತದಲ್ಲ?”

ಭಾವ ಸೂರ್ಯನನ್ನು ನೋಡಿದರು. ಮೊಬೈಲು ನೋಡಿದರು. ಮತ್ತೆ ಸೂರ್ಯನನ್ನು ನೋಡಿದರು, ಈ ಸಲ ಸ್ವಲ್ಪ ಬೇಸರದಿಂದ.

“ಈಗ ದಕ್ಷಿಣಾಯನ ಅಲ್ವಾ ಅಮ್ಮ,” ಎಂದರು. “ಸ್ವಲ್ಪ ಆಚೀಚೆ ಆಗ್ತದೆ.”

ಬಸ್ಸು ತುಂಬ ಬಂದ ಜನ, ಅದರಲ್ಲಿ ಇಬ್ಬರು ಬ್ಯಾಂಕಿನವರು, ಒಬ್ಬರು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರು, ಎಲ್ಲರೂ ಸೂರ್ಯನ ಕಡೆಗೆ ತಿರುಗಿ, ಅವನ ಕಷ್ಟ ಅರ್ಥವಾಯಿತೆಂಬಂತೆ ತಲೆಯಾಡಿಸಿದರು. ಪ್ರಶ್ನೆ ಕೇಳಿದವರಿಗೇ ಹೆಚ್ಚು ಸಮಾಧಾನವಾದ ಹಾಗಿತ್ತು.

ಧಣಿ ನನ್ನ ಹತ್ತಿರ ಬಂದರು. “ಅಕ್ಕ, ನೀವು ಎಂತ ಹೇಳ್ತೀರಿ?”

ಅಕ್ಕ ಎಂದದ್ದು ನನ್ನ ಕಿವಿಗೆ ಬಿತ್ತು. ಸೂರ್ಯನನ್ನು ನೋಡಿದೆ. ತಿರುಗುವ ಕುರ್ಚಿಯನ್ನು ನೆನೆದೆ. ಸೂರ್ಯ ನನ್ನ ಸಾಕ್ಷಿ ಇಲ್ಲದೆಯೂ ಬದುಕಿಕೊಳ್ಳುವವನು.

“ದಕ್ಷಿಣಾಯನವೇ ಇರಬೇಕು,” ಎಂದೆ.

ಆ ಹೊತ್ತಿಗೆ ಡ್ರೈವರ್ ಬಸ್ಸಿನಾಚೆ ಚಾಪೆ ಹಾಸಿ, ಸೂರ್ಯ ಮುಳುಗಿದ ಕಡೆಗೆ ಮುಖಮಾಡಿ ನಮಾಜಿಗೆ ನಿಂತಿದ್ದ. ಭಾವ ಅವನನ್ನು ನೋಡಿದರು, ಮೊಬೈಲು ನೋಡಿದರು, ಮರುಕದಿಂದ ನನ್ನ ಬಳಿ ಬಂದು ದನಿ ತಗ್ಗಿಸಿದರು.

“ಪಾಪ, ಒಳ್ಳೆಯ ಮನುಷ್ಯ. ಆದರೆ ಇಷ್ಟು ವರ್ಷ ಪೂರ್ವಕ್ಕೆ ಮುಖ ಮಾಡಿ ನಮಾಜು ಮಾಡ್ತಾ ಬಂದಿದ್ದಾನಲ್ಲ. ನೀವಾದರೂ ಒಂದು ಮಾತು ಹೇಳಬಾರದಾ?”

“ಹೇಳ್ತೇನೆ,” ಎಂದೆ. “ಸಲಾಲಾ ಮುಟ್ಟಿದ ಮೇಲೆ ಹೇಳ್ತೇನೆ. ಈಗಲೇ ಹೇಳಿ, ಅವನು ನಿಮ್ಮ ದಿಕ್ಕು ನಂಬಿ ಬಸ್ಸು ಹೊಡೆದರೆ ನಾವೆಲ್ಲ ಸೌದಿಯಲ್ಲಿ ಇಳಿಯಬೇಕಾದೀತು.”

ಅವರಿಗೆ ಅದು ನನ್ನ ಮುಂದಾಲೋಚನೆಯಾಗಿ ಕಂಡಿತು. ಹೌದು ಹೌದು ಎಂದರು.

ವಾಪಸು ಬರುವ ದಾರಿಯಲ್ಲೇ ಧಣಿ ತೀರ್ಮಾನ ಹೇಳಿದರು. ಶಿಸರ್ ಖಲಾಸ್ ಆಗಲಿಲ್ಲ. ಮಂಜಿನ ಒಂದು ಟ್ರಿಪ್ ಖಲಾಸ್ ಆಗಿ ಶಿಸರ್ ಎರಡಾಯಿತು. ಬೋರ್ಡಿನ ಮೇಲೆ ಈಗ ‘ವಾಸ್ತು ದರ್ಶನ’ ಎಂದಿದೆ. ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ. ಮನೆ ಕಟ್ಟಿಸುವವರು, ಕಟ್ಟಿಸಿ ಕೆಟ್ಟವರು, ಅಕ್ಕಪಕ್ಕದವರು ಕೆಡಲಿ ಎಂದು ಕಾಯುವವರು, ಎಲ್ಲರೂ ಬರುತ್ತಾರೆ. “ಇಷ್ಟೆಯಾ” ಎಂದು ಯಾರೂ ಕೇಳುವುದಿಲ್ಲ. ನನ್ನ ಒಂಟೆಗಳ ಕಥೆಯನ್ನು ಯಾರೂ ಈಗಲೂ ಕೇಳುವುದಿಲ್ಲ. ಆದರೆ ವಾರಕ್ಕೆ ಎರಡು ಸಲ ಗುಂಡಿಯ ಅಂಚಿನಲ್ಲಿ ನಿಲ್ಲುತ್ತೇನೆ, ಒಂದು ಕೈಯನ್ನು ಈಶಾನ್ಯದ ಕಡೆಗೆ ಚಾಚಿ, ಇದು ನೈಋತ್ಯ ಎಂದು ತೋರಿಸುತ್ತೇನೆ. ಪೇಟ ಇಟ್ಟ ಮುದುಕ ಕೂಡ ಈಗ ನನ್ನ ಜೊತೆ ಅದೇ ಕಡೆಗೆ ಒಂಟೆಕೋಲು ಚಾಚುತ್ತಾನೆ. ಹಣ್ಣಿನ ಬುಟ್ಟಿ ಮತ್ತೆ ಬರತೊಡಗಿದೆ.

ಹೇಳಿದ ಮಾತು ಕೇಳದೆ ಹಳೆಯ ಕಡೆಯೇ ಮುಳುಗುತ್ತಿರುವವನು ಸೂರ್ಯ ಒಬ್ಬನೇ. ಅವನಿಗೂ ಒಂದು ಶಾಲು ಹೊದೆಸಿ, ಪೇಟ ಇಟ್ಟು ಸನ್ಮಾನ ಮಾಡಿದರೆ ಸರಿಹೋದಾನು.